ಜಗಲಿ ಮೇಲಿನ ಗೆಳೆಯ

11 ಆಗಸ್ಟ್ 1986, ಸೋಮವಾರ
ಐದು ಪಿರಿಯಡ್. ಸ್ಟೋವಿಗೆ ಎಣ್ಣೆ ಇಲ್ಲ. ಸಂಜೆ ಮತ್ತೆ ಊರ ಹೊರಗಿನ ಕೇರಿಗೆ, ಮರೆವ್ವನ ಮನೆಗೆ. ಶ್ರಾವಣ ಸೋಮವಾರ ಅಂತ ದೇವರ ಜಗಲಿಯ ಗಂಟಿಗೆ ವಿಭೂತಿ, ಕುಂಕುಮ, ಮೇಲೆ ನೀರು ಬೇರೆ. ಗಂಟಿನಲ್ಲಿರುವುದು ಅವಳಜ್ಜ ಹುಚ್ಚಪ್ಪನ ಕಾಗದಗಳು. ನೂರು ವರ್ಷದ ಹಿಂದೆ ಈ ಮಿಶ್ರಿಕೋಟಿಯಲ್ಲಿ ತತ್ವಪದ ಕಟ್ಟಿದವನು. ದುಮ್ಮವಾಡದ ಕುರಿಗಾರ ಗೂಳಪ್ಪನೂ ಪದಕಾರ, ಇವನ ಜೀವದ ಗೆಳೆಯ. ಹೊಸ ಪದ ಹುಟ್ಟಿದರೆ ಕಾಗದದಲ್ಲಿ ಬರೆದು ಕಳಿಸುತ್ತಿದ್ದರಂತೆ.
ಓದಿ ನಕಲು ಮಾಡಿ ಕೊಡ್ತೀನಿ ಅಂದೆ. "ಅಜ್ಜನ ಅಕ್ಷರರಿ ಅಕ್ಕೋರ, ಬಿಚ್ಚಬಾರದು." ಕಲ್ಲಿನ ಮೇಲೆ ಮಳೆ ಹೊಯ್ದ ಹಾಗೆ.

19 ಆಗಸ್ಟ್
ಹೋಗಲಿಲ್ಲ. ಸಿಟ್ಟು.

25 ಆಗಸ್ಟ್, ಸೋಮವಾರ
ಮರೆವ್ವನೇ ಹೇಳಿಕಳಿಸಿದಳು. ಗಂಟಿಗೆ ಗೆದ್ದಲು! ಅಳುತ್ತಲೇ ಬಿಚ್ಚಿದಳು. ಅಂಚು ಹೋಗಿದೆ, ಅಕ್ಷರ ಉಳಿದಿದೆ... ಓದಿದೆ. "ಗೆಳೆಯ ಹುಚ್ಚಪ್ಪಗ ಗೂಳಪ್ಪನ ಶರಣು." ಎರಡನೆಯದೂ ಹಾಗೇ. ಎಲ್ಲವೂ ಹಾಗೇ.
ಎಂಥ ಪೆದ್ದಿ ನಾನು. ಮನೆಯಲ್ಲಿ ಉಳಿಯುವುದು ಬಂದ ಕಾಗದ, ಬರೆದದ್ದಲ್ಲ. ನನ್ನ ಎಂ.ಎ. ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು. ಈ ಮನೆಯವರು ಮೂರು ತಲೆಯಿಂದ ಪೂಜಿಸಿದ್ದು ಗೂಳಪ್ಪನನ್ನು.
ಹೇಳಿಬಿಟ್ಟೆ. ಮುದುಕಿ ಬೈಯಲಿಲ್ಲ. ಅಜ್ಜನ ಅಕ್ಷರ ಎಲ್ಲಿ ಹಾಗಾದರೆ ಅಂದಳು. ದುಮ್ಮವಾಡದಲ್ಲಿ, ಗೂಳಪ್ಪನ ಮೊಮ್ಮಗಳು ಮೈಲಾರವ್ವನ ಜಗಲಿ ಮೇಲೆ ಇರಬೇಕು ಅಂದೆ. ಸಾಯೋದರೊಳಗ ಒಮ್ಮೆ ಮುಟ್ಟಬೇಕು ಅಂದಳು. ಆಮೇಲೆ ಮೆಲ್ಲಗೆ: "ಆ ಮನಿ ಹೊಸ್ತಲಾ ನಮ್ಮವರು ಯಾರೂ ದಾಟಿಲ್ರಿ. ಅಜ್ಜನೂ ಕಟ್ಟಿ ಮ್ಯಾಲ ಕುಂತ ಬರತಿದ್ದನಂತ."
ಅದನ್ನೇ ಗೂಳಪ್ಪನೂ ಬರೆದಿದ್ದಾನೆ — "ನಿನ್ನ ಹೊರಗ ಕುಂಡ್ರಿಸಿ ನಾ ಒಳಗ ಉಂಡೆ. ತುತ್ತು ಇಳೀಲಿಲ್ಲ."

2 ಸೆಪ್ಟೆಂಬರ್
ಮೈಲಾರವ್ವನಿಗೆ ಕಾರ್ಡು ಹಾಕಿದೆ. ಯಾರ ಜೊತೆ ಬರುತ್ತೇನೆ ಅಂತ ಮುಚ್ಚಿಡದೆ ಬರೆದೆ.

11 ಸೆಪ್ಟೆಂಬರ್
ಉತ್ತರ ಬಂತು. ಯಾರ ಕೈಲೋ ಬರೆಸಿದ್ದು. "ರವಿವಾರ ಬರ್ರಿ." ಅಷ್ಟೇ. ಯಾರು ಬರಬೇಕು, ಎಲ್ಲಿಯವರೆಗೆ ಬರಬೇಕು — ಏನೂ ಇಲ್ಲ. ಮರೆವ್ವ ಮಾತ್ರ ಆಗಲೇ ಸೀರೆ ಒಗೆದು ಹಾಕಿದ್ದಾಳೆ.

14 ಸೆಪ್ಟೆಂಬರ್, ರವಿವಾರ, ಮಧ್ಯಾಹ್ನ, ದುಮ್ಮವಾಡ
ಮೈಲಾರವ್ವನ ಮನೆ ಕಟ್ಟೆ ಮೇಲೆ ಕೂತೇ ಬರೆಯುತ್ತಿದ್ದೇನೆ. ಮರೆವ್ವ ಬಸ್ಸಿಳಿದು ಬಂದವಳು ಇಲ್ಲೇ ಕೂತಳು, ಮಡಿಲಲ್ಲಿ ಗಂಟು. ಎಷ್ಟು ಹೇಳಿದರೂ ಏಳಲಿಲ್ಲ. ನಾನೊಬ್ಬಳೇ ಒಳಗೆ ಹೋದೆ. ಇಲ್ಲೂ ದೇವರ ಜಗಲಿ, ಇಲ್ಲೂ ಗಂಟು, ಇಲ್ಲೂ ಕುಂಕುಮ. ಮೈಲಾರವ್ವ ಬಿಚ್ಚಿಕೊಟ್ಟಳು. ಅವಳೂ ಇದು ತನ್ನಜ್ಜನ ಅಕ್ಷರ ಅಂತಲೇ ತಿಳಿದಿದ್ದಳು. ಓದಿದೆ: "ಗೆಳೆಯ ಗೂಳಪ್ಪಗ ಹುಚ್ಚಪ್ಪನ ಶರಣು."
ಮೈಲಾರವ್ವ ಜಗಲಿಯನ್ನೇ ನೋಡುತ್ತಾ ನಿಂತಳು. ಈಗ ಇದನ್ನು ಹೊರಗೆ ಎಸೆದರೆ? ಸೆರಗು ಸರಿಮಾಡಿಕೊಂಡು ಹೊಸ್ತಿಲಿಗೆ ಬಂದಳು.
"ಒಳಗ ಬಾ ಬೇ. ನಿಮ್ಮಜ್ಜ ಎಂದೋ ಒಳಗ ಬಂದು ನಮ್ಮ ಜಗಲಿ ಮ್ಯಾಲ ಕುಂತಾನ, ನೀ ಹೊರಗ ಕುಂತರ ಹೆಂಗ?"
ಮರೆವ್ವ ಗಂಟು ಎದೆಗವಚಿಕೊಂಡು ಎದ್ದಳು. ಹೊಸ್ತಿಲ ಹತ್ತಿರ ಒಂದು ಗಳಿಗೆ ನಿಂತಳು. ದಾಟಿದಳು.
ಒಳಗೆ ತಾಟು ಇಡುವ ಸದ್ದು. ಮರೆವ್ವನ ದನಿ, ನನ್ನನ್ನು ಊಟಕ್ಕೆ ಕರೆಯುತ್ತಿದ್ದಾಳೆ, ತನ್ನದೇ ಮನೆ ಅನ್ನೋ ಹಾಗೆ. ಉಳಿದದ್ದನ್ನು ಬರೆಯೋದು ಉಂಡು ಬಂದು—