ಗ್ರಾಫಿನಲ್ಲೊಂದು ಗುಂಡಿ

ಭಾನುವಾರ, ಮಧ್ಯಾಹ್ನ

ಪ್ರೀತಿಯ ಸೇತುವೆ ಸಾಹೇಬರಿಗೆ,

ನಿಮ್ಮವಳ ನಮಸ್ಕಾರ. ಬರೆಯಲು ತಡವಾಯಿತು, ಬೈದುಕೊಳ್ಳಬೇಡಿ. ಫೋನಿನಲ್ಲಿ ನಾನು ಬಾಯಿ ತೆರೆಯುವಷ್ಟರಲ್ಲಿ ಅಲ್ಲಿ ಯಾರೋ ನಿಮ್ಮನ್ನು ಕರೆಯುತ್ತಾರೆ, ಅದಕ್ಕೇ ಈ ಕಾಗದ. ಕೂತರೆ ಕೂರಲಾಗುತ್ತಿಲ್ಲ. ಇಷ್ಟು ಬರೆಯುವುದರೊಳಗೆ ಎದ್ದು ಹೋಗಿ ಗ್ಯಾಸ್ ಆರಿಸಿದ್ದೇನೋ ಇಲ್ಲವೋ ನೋಡಿ ಬಂದೆ. "ಕಾಲಿಗೇನು ಚಕ್ರ ಕಟ್ಕೊಂಡಿದೀಯಾ?" ಎಂದು ನಿಮ್ಮಮ್ಮ ಗದರಿದರು.

ಅಷ್ಟು ವರ್ಷ ಸಾಫ್ಟ್‌ವೇರ್ ಬರೆದವಳು ಈಗ ಹಣಕಾಸು ಕಂಪನಿಯಲ್ಲಿ ಅಆಇಈ ತಿದ್ದುತ್ತಿದ್ದೇನೆ ನೋಡಿ. ಯಾವ ಷೇರು ಕೊಳ್ಳಬಹುದು, ಯಾವುದು ಬೇಡ ಎಂದು ವರದಿ ಬರೆಯುವುದು ಕೆಲಸ. ತಿಂಗಳ ಕೊನೆಗೆ ಖಾಯಂ ಮಾಡುತ್ತಾರೋ, ಮನೆಗೆ ಕಳಿಸುತ್ತಾರೋ ತಿಳಿಯದು. ಹಳೆಯ ಆಫೀಸಿನವರು ವಾಪಸ್ ಬಾ ಎನ್ನುತ್ತಿದ್ದಾರೆ. ನಿಮ್ಮನ್ನು ಕೇಳಿದರೆ "ನಿಂಗೆ ಹೇಗೆ ಅನ್ಸುತ್ತೋ ಹಾಗೆ ಮಾಡು" ಎಂದು ಕೈತೊಳೆದುಕೊಂಡಿರಿ. ಮನೆಗೆ ಯಾವಾಗ ಬರುತ್ತೀರಿ ಎಂದರೆ ಅದಕ್ಕೂ "ನೋಡೋಣ".

ಈ ವಾರ ಒಂದು ಎಡವಟ್ಟು ಮಾಡಿಕೊಂಡೆ. ಬಣ್ಣ ತಯಾರಿಸುವ ಒಂದು ಕಂಪನಿಯ ಮಾರಾಟದ ಅಂಕಿಗಳನ್ನು ನನಗೆ ಕೊಟ್ಟಿದ್ದರು. ಎರಡು ತಿಂಗಳು ಮಾತ್ರ ಅಂಕಿ ದಬಕ್ಕನೆ ಬಿದ್ದಿತ್ತು. ಯಾರೋ ತಪ್ಪಾಗಿ ತುಂಬಿರಬೇಕು ಅಂದುಕೊಂಡು, ಹಿಂದಿನ ಮುಂದಿನ ತಿಂಗಳುಗಳ ಸರಾಸರಿ ಹಾಕಿ ಸರಿಪಡಿಸಿಬಿಟ್ಟೆ. ನಮ್ಮ ಸಾಫ್ಟ್‌ವೇರಿನವರ ಹಳೆಯ ಚಾಳಿ ಗೊತ್ತಲ್ಲ, ತಪ್ಪು ಕಂಡರೆ ಕೈ ತುರಿಸುತ್ತದೆ. ಗ್ರಾಫ್ ನುಣ್ಣಗೆ ಬಂತು, ನನಗೂ ಹೆಮ್ಮೆ.

ನಮ್ಮ ಕನ್ನಡಕದ ಮೇಡಂ, ನನಗಿಂತ ಚಿಕ್ಕವರು, ನನ್ನ ಬಾಸ್, ನೋಡಿ ಕೇಳಿದರು: "ಇಲ್ಲೊಂದು ಗುಂಡಿ ಇತ್ತಲ್ಲ, ಎಲ್ಲೋಯ್ತು?"

"ಮುಚ್ಚಿದೆ ಮೇಡಂ."

"ಅಯ್ಯೋ ತಾಯಿ! ಅಲ್ಲಿ ಕೆಲಸಗಾರರು ಮುಷ್ಕರ ಹೂಡಿದ್ರು. ಆ ಗುಂಡಿನೇ ಕಣ್ರೀ ಸುದ್ದಿ! ಅಂಕಿ ಬಿದ್ರೆ ಸರಿ ಮಾಡ್ಬಾರ್ದು. ಯಾಕೆ ಬಿತ್ತು ಅಂತ ಫೋನ್ ಮಾಡಿ ಕೇಳ್ಬೇಕು."

ಇಂಗು ತಿಂದ ಮಂಗನ ಹಾಗೆ ನಿಂತಿದ್ದೆ. ಪುಣ್ಯಕ್ಕೆ ವರದಿ ಹೊರಗೆ ಹೋಗಿರಲಿಲ್ಲ. ಆಮೇಲೆ ಕಾರ್ಖಾನೆಗೆ ಫೋನ್ ಮಾಡಿದೆ. ಅಲ್ಲಿಯ ಮ್ಯಾನೇಜರ್ ಬೇಸರಿಸಿಕೊಳ್ಳದೆ ಎಲ್ಲ ಹೇಳಿದರು. ಕೇಳಿದರೆ ಜನ ಹೇಳುತ್ತಾರೆ ಅನ್ನುವುದೇ ನನಗೆ ಗೊತ್ತಿರಲಿಲ್ಲ. ಅವತ್ತೇ ತೀರ್ಮಾನಿಸಿದೆ, ಅವರು ಇಟ್ಟುಕೊಂಡರೆ ಇಲ್ಲೇ ಇರುತ್ತೇನೆ. ಹೆದರಿಕೆಯಂತೂ ಇದೆ.

ಮಗಳ ಮುಂದಿನ ಹಲ್ಲು ಬಿದ್ದಿದೆ, ನಿಮಗೇ ಮೊದಲು ತೋರಿಸುವುದಂತೆ. ನಿಮ್ಮಮ್ಮ ಆಶೀರ್ವಾದ ತಿಳಿಸಿದ್ದಾರೆ, ಹೊತ್ತಿಗೆ ಸರಿಯಾಗಿ ಊಟ ಮಾಡಬೇಕಂತೆ.

ಇಂತಿ,
ನಿಮ್ಮ ತಲೆಹರಟೆ

ತಾ.ಕ.: ರೀ, ಮೊದಲೆಲ್ಲ ರಜೆ ಸಿಕ್ಕಿದರೆ ಸಾಕು, ಓಡಿ ಬರುತ್ತಿದ್ದಿರಿ. ಬರುವುದು ಕಡಿಮೆಯಾದಾಗ ಕೆಲಸ ಹೆಚ್ಚಿರಬೇಕು, ದೂರದ ದಾರಿ, ದಣಿದಿರುತ್ತೀರಿ ಎಂದು ಮನೆಯವರಿಗೂ ನನಗೂ ನಾನೇ ಸಮಾಧಾನ ಹೇಳಿದೆ. ನಿನ್ನೆ ಔಷಧಿ ಅಂಗಡಿಯಲ್ಲಿ ನಿಮ್ಮ ಸೈಟಿನ ಸೂಪರ್‌ವೈಸರ್ ಸಿಕ್ಕಿದ್ದರು. ಸೇತುವೆ ಮುಗಿದು ತಿಂಗಳಾಯಿತಂತೆ, ಎಲ್ಲರೂ ಊರು ಸೇರಿದರಂತೆ. ನೀವಿನ್ನೂ ಅಲ್ಲೇ, ಅದೇ ಬಾಡಿಗೆ ರೂಮಿನಲ್ಲಿದ್ದೀರಿ ಎಂದು ಅವರೇ ಹೇಳಿದರು. ನಾನು ನಕ್ಕು, "ಹೌದು, ಗೊತ್ತು" ಅಂದೆ. ನನಗೆ ಗೊತ್ತಿರಲಿಲ್ಲ.

ಯಾಕೆ ಬರಲಿಲ್ಲ?