ಬಾಗಿಲಿಗೆ ಅಂಕವಿಲ್ಲ

ಬಾಲಶಾಲೆಗಳ ಪರೀಕ್ಷೆ ನಡೆಸುವ ಕಚೇರಿಯ ಮಾನ್ಯ ಅಧಿಕಾರಿಗಳೇ,

ಬರೆಯುತ್ತಿರುವುದಕ್ಕೇ ಮೊದಲು ಕ್ಷಮೆ ಇರಲಿ. ನಾನು ಶಿಕ್ಷಕ ತರಬೇತಿಯ ಮೊದಲ ವರ್ಷದಲ್ಲಿದ್ದೇನೆ. ನನ್ನ ಪ್ರಾಕ್ಟಿಕಲ್ ಅಂಕಗಳು ನಿಮ್ಮ ಕಚೇರಿಯಿಂದಲೇ ಬರಬೇಕು. ಅದೇ ಹೆದರಿಕೆಯಲ್ಲಿ ಈ ಪತ್ರವನ್ನು ಬರೆದು ಹರಿದು ಮತ್ತೆ ಬರೆದಿದ್ದೇನೆ. ವಿಷಯ ಇಷ್ಟೇ: ಬಾಗಿಲನ್ನು ತೋರಿಸಿ ‘ಇದು ಆಯತ’ ಎಂದ ತಪ್ಪಿಗೆ ನನ್ನ ಅಕ್ಕನ ಐದು ವರ್ಷದ ಮಗಳನ್ನು ನೀವು ಫೇಲು ಮಾಡಿದ್ದೀರಿ. ಒಂದನೇ ತರಗತಿಗೆ ಹೋಗಬೇಕಿದ್ದವಳು ಇನ್ನೊಂದು ವರ್ಷ ಅದೇ ಮೊಣಕಾಲೆತ್ತರದ ಕುರ್ಚಿಯಲ್ಲಿ ಕೂರಬೇಕಂತೆ.

ನಿಮ್ಮ ಸುತ್ತೋಲೆಯನ್ನು ನಾನು ಭಕ್ತಿಯಿಂದ ಓದಿದ್ದೇನೆ. ‘ಮಕ್ಕಳು ತಮ್ಮ ದಿನನಿತ್ಯದ ಪರಿಸರದಲ್ಲಿ ಆಕಾರಗಳನ್ನು ಗುರುತಿಸುವಂತಾಗತಕ್ಕದ್ದು’ ಎಂದಿತ್ತು. ಎಂಥ ಮಾತು! ಅಡಿಗೆರೆ ಹಾಕಿಕೊಂಡೆ. ಆಮೇಲೆ ಪರಿಸರವೇ ರಟ್ಟಿನ ಡಬ್ಬಿಯಲ್ಲಿ ಬಂದು ಶಾಲೆಯ ಮುಂದೆ ಇಳಿಯಿತು. ಮೇಲೆ ‘ನಮ್ಮ ಸುತ್ತಮುತ್ತ’ ಎಂಬ ಚೀಟಿ. ಒಳಗೆ ಅಂಗೈಯಗಲದ ಪ್ಲಾಸ್ಟಿಕ್ ಬಾಗಿಲು, ಪ್ಲಾಸ್ಟಿಕ್ ಚಕ್ರ, ಪ್ಲಾಸ್ಟಿಕ್ ಚಾವಣಿ. ಕಂಕುಳಲ್ಲಿ ಮಗುವನ್ನು ಇಟ್ಟುಕೊಂಡು ಊರೆಲ್ಲ ಹುಡುಕಿದರು ಎನ್ನುತ್ತಾರಲ್ಲ, ನೀವು ಅದಕ್ಕಿಂತ ಒಂದು ಹೆಜ್ಜೆ ಮುಂದೆ: ಹುಡುಕಿ ಸಾಕಾಗಿ ಗೊಂಬೆಯನ್ನು ಕೊಂಡುಕೊಂಡಿರಿ. ಒಂದು ಅನುಮಾನ. ಆ ಪ್ಲಾಸ್ಟಿಕ್ ಬಾಗಿಲನ್ನು ಮಂಜೂರು ಮಾಡಿದ ಸಭೆಯ ಕೋಣೆಗೆ ತಾವೆಲ್ಲ ಹೇಗೆ ಬಂದಿರಿ? ಕಿಟಕಿ ಹತ್ತಿಯೇ?

ನಾನೇ ಹಾಸ್ಟೆಲ್ಲಿನಲ್ಲಿ, ಅರ್ಧ ಇಂಗ್ಲಿಷಿನಲ್ಲಿ ಬೆಳೆದವಳು. ಕೋನ್, ಸಿಲಿಂಡರ್ ಎಲ್ಲವನ್ನೂ ಚಾರ್ಟಿನಿಂದ ಬಾಯಿಪಾಠ ಮಾಡಿ ಪೂರ್ತಿ ಅಂಕ ಹೊಡೆದವಳು. ಸ್ನಾನದ ಮನೆಯ ಮುಂದೆ ಬಕೆಟ್ ಹಿಡಿದು ಸಾಲಿನಲ್ಲಿ ನಿಲ್ಲುತ್ತಿದ್ದಾಗ ನನ್ನ ಹಿಂದೆ ಮುಂದೆ ಇದ್ದ ಕೊಳವೆಗಳೆಲ್ಲ ಸಿಲಿಂಡರುಗಳೆಂದು ಯಾರೂ ಹೇಳಲಿಲ್ಲ, ನನಗೂ ಹೊಳೆಯಲಿಲ್ಲ. ಅದು ಹೊಳೆದದ್ದು ಈ ವರ್ಷ, ಅಕ್ಕನ ಮಗಳಿಂದ. ಅವಳನ್ನು ಮನೆಯಲ್ಲಿ ಟುವ್ವಿ ಎನ್ನುತ್ತೇವೆ, ಎದ್ದಾಗಿನಿಂದ ಮಲಗುವವರೆಗೂ ಬಾಯಿ ಮುಚ್ಚದ ಹಕ್ಕಿ. ಶಾಲೆಗೆ ನಡೆಯುವಾಗ ನಮಗಿಬ್ಬರಿಗೂ ಒಂದು ಆಟವಿತ್ತು. ಬಣ್ಣ ಬಳಿಯುವವನ ಏಣಿ ಕಂಡರೆ ‘ಚಿಕ್ಕಮ್ಮಾ, ಏಣಿ ಹೊಟ್ಟೇಲಿ ತ್ರಿಕೋನ!’ ಎಂದು ಕಿರುಚುತ್ತಿದ್ದಳು. ಏಣಿಯ ಎರಡು ಕಾಲುಗಳ ನಡುವಿನ ಬರಿಯ ಗಾಳಿಯನ್ನು ಆಕಾರವೆಂದು ಕಂಡ ಮಗು ಅದು.

ಪರೀಕ್ಷೆಯ ದಿನ ನಿಮ್ಮ ಪರೀಕ್ಷಕರು ಬಾಗಿಲಿಗೆ ಬೆನ್ನು ಹಾಕಿ, ಮಡಚುವ ಕುರ್ಚಿಯಲ್ಲಿ ಕೂತರು. ಅದೇ ಶಾಲೆಯಲ್ಲಿ ಪ್ರಾಕ್ಟಿಕಲ್ ಮಾಡುತ್ತಿದ್ದುದರಿಂದ ಡಬ್ಬಿ ಬಿಚ್ಚಿ ಜೋಡಿಸುವ ಕೆಲಸ ನನ್ನದು.

“ಪುಟ್ಟಾ, ಆಯತ ಎಲ್ಲಿದೆ ತೋರ್ಸು.”

ಟುವ್ವಿ ಅವರ ಬೆನ್ನ ಹಿಂದೆ ಬೆರಳು ಮಾಡಿದಳು.

“ಅಲ್ಲಿಲ್ಲ. ಇಲ್ನೋಡು, ಮೇಜಿನ ಮೇಲೆ.”

“ಅದು ಬಾಗಿಲು ಅಲ್ವಾ?”

“ಬಾಗಿಲೇ. ಈ ಬಾಗಿಲು ತೋರ್ಸು ಅಂದೆ.”

ಪ್ಲಾಸ್ಟಿಕ್ ಚೂರನ್ನು ಎತ್ತಿ ಹಿಂದೆ ಮುಂದೆ ತಿರುಗಿಸಿ ನೋಡಿದಳು. “ಇದ್ರಲ್ಲಿ ಯಾರು ಹೋಗ್ತಾರೆ? ಇರುವೆನಾ?”

ತ್ರಿಕೋನ ಕೇಳಿದಾಗ ಕುರ್ಚಿಯಿಂದ ಇಳಿದು ಬಗ್ಗಿ, “ಅಂಕಲ್, ನೀವು ತ್ರಿಕೋನದ ಮೇಲೇ ಕೂತಿದೀರ” ಎಂದಳು. ಕತ್ತರಿಯಂತೆ ಅಡ್ಡಹಾಯ್ದ ಕುರ್ಚಿಯ ಕಾಲುಗಳ ನಡುವೆ ನಿಜಕ್ಕೂ ತ್ರಿಕೋನವಿತ್ತು. ವೃತ್ತ ಕೇಳಿದ್ದು ಮಾತ್ರ ಅವರ ದುರದೃಷ್ಟ. ಅವಳು ಸುಮ್ಮನೆ ಅವರ ಬೋಳುನೆತ್ತಿಯ ಕಡೆ ನೋಡಿದಳು. ಅಲ್ಲಿಗೆ ‘ಶಿಸ್ತು’ ಎಂಬ ಕಾಲಂ ಕೂಡ ಹೋಯಿತು.

ನಾನು ಕೇಳಿದೆ: “ಸರ್, ಅವಳು ತೋರ್ಸಿದ್ದೆಲ್ಲಾ ಸರಿ ಇದೆಯಲ್ವಾ?”

“ಸರಿ ಇದೆಯಮ್ಮಾ, ಯಾರು ಇಲ್ಲ ಅಂದ್ರು? ಡಬ್ಬೀಲಿ ಇಲ್ಲ ಅಷ್ಟೇ. ಗೋಡೆಗೆ, ಬಾಗಿಲಿಗೆಲ್ಲಾ ಮಾರ್ಕ್ಸ್ ಕೊಡ್ತಾ ಕೂತ್ರೆ ಮೇಲಿನವರು ನನ್ನನ್ನ ಕೇಳಲ್ವಾ?”

ಆ ಮೇಲಿನವರು ತಾವೇ ಅಲ್ಲವೇ, ಮಾನ್ಯರೇ?

‘ಪರಿಸರದಲ್ಲಿ ಆಕಾರ ಗುರುತಿಸುವಿಕೆ’ ಎಂಬುದರ ಮುಂದೆ ಅವರು ಸೊನ್ನೆ ಬರೆದರು. ಟುವ್ವಿ ಇಣುಕಿ ನೋಡಿ, “ವೃತ್ತ ಸರಿಯಾಗಿ ಬಂದಿಲ್ಲ, ಮೊಟ್ಟೆ ಥರ ಆಗಿದೆ” ಎಂದಳು. ಅವಳಿಗೆ ಅದು ಅಂಕವೆಂದು ಗೊತ್ತಿರಲಿಲ್ಲ. ಒಂದು ಕೋಣೆಯಲ್ಲಿ ಇಬ್ಬರಿದ್ದರು, ಒಬ್ಬರಿಗೆ ಆಕಾರ ಕಾಣುತ್ತಿತ್ತು, ಇನ್ನೊಬ್ಬರ ಕೈಯಲ್ಲಿ ಪೆನ್ನಿತ್ತು. ಇದಕ್ಕೆ ತಾವು ಮೌಲ್ಯಮಾಪನ ಎಂಬ ಘನವಾದ ಹೆಸರನ್ನು ಇಟ್ಟಿದ್ದೀರಿ.

ಅಕ್ಕ ನನ್ನ ಮೇಲೇ ಹರಿಹಾಯ್ದಳು. “ನಿನ್ನ ಏಣಿ ಆಟದಿಂದ್ಲೇ ಕಣೇ ಹೀಗಾಗಿದ್ದು. ಡಬ್ಬಿ ಮಾತ್ರ ನೋಡು ಅಂತ ಹೇಳ್ಕೊಟ್ಟಿದ್ರೆ ಪಾಸಾಗ್ತಿದ್ಳು.” ಹೌದು, ನೋಡದಿರುವುದನ್ನು ಕಲಿಸಿದ್ದರೆ ಪಾಸಾಗುತ್ತಿದ್ದಳು.

ಫೇಲಾಗಿದ್ದಕ್ಕಿಂತ ನನ್ನನ್ನು ಸುಡುತ್ತಿರುವುದು ಬೇರೆ. ನಿನ್ನೆ ಬೀದಿಯಲ್ಲಿ ಬಂಡಿಯವನೊಬ್ಬ ಟೈರುಗಳನ್ನು ಒಂದರ ಮೇಲೊಂದು ಪೇರಿಸಿಕೊಂಡು ಹೋಗುತ್ತಿದ್ದ. “ಅಲ್ನೋಡು ಟುವ್ವೀ, ಏನದು?” ಎಂದೆ. ಅವಳು ನನ್ನ ಮುಖ ನೋಡಿ ಮೆಲ್ಲಗೆ ಕೇಳಿದಳು, “ಚಿಕ್ಕಮ್ಮಾ, ಅದು ಡಬ್ಬೀಲಿ ಇದ್ಯಾ?” ತಮ್ಮ ಯೋಜನೆ ಅಷ್ಟರಮಟ್ಟಿಗೆ ಯಶಸ್ವಿಯಾಗಿದೆ, ಅಭಿನಂದನೆಗಳು. ಒಂದು ಜೊತೆ ಕಣ್ಣು ಮುಚ್ಚಿಸಲು ಒಂದು ಬೆಳಿಗ್ಗೆ ಸಾಕಾಯಿತು.

ಹಾಗಾಗಿ ಬೇಡಿಕೆ. ಆ ಸೊನ್ನೆಯನ್ನು ಹೊಡೆದು ಹಾಕಿ. ಅವಳ ಪರೀಕ್ಷೆಯನ್ನು ಅವಳ ತರಗತಿಯಲ್ಲೇ, ಮೇಜನ್ನು ಖಾಲಿ ಬಿಟ್ಟು, ಇನ್ನೊಮ್ಮೆ ಮಾಡಿ. ಪರೀಕ್ಷಕರನ್ನು ಕಳಿಸಬೇಡಿ, ತಾವೇ ಬನ್ನಿ. ಅವಳು ಬೆರಳು ಮಾಡಿದ ಕಡೆಗೆ ಕತ್ತು ತಿರುಗಿಸಿ ನೋಡುವಷ್ಟು ಅರ್ಹತೆ ಇದ್ದರೆ ಸಾಕು. ನನ್ನ ಅಂಕ ಕತ್ತರಿಸುವುದಿದ್ದರೆ ಕತ್ತರಿಸಿ. ಹೆದರಿಕೆ ಇದ್ದೇ ಇದೆ, ಆದರೂ ಈ ಪತ್ರವನ್ನು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ.

ಒಂದನೇ ತರಗತಿಯ ಸೇರ್ಪಡೆ ಶನಿವಾರಕ್ಕೆ ಮುಗಿಯುತ್ತದೆ. ದಯವಿಟ್ಟು ಅದಕ್ಕೆ ಮೊದಲೇ ಉತ್ತರ ಕೊಡಿ.

ಇಂತಿ,
ಮುಂದೆ ಟೀಚರ್ ಆಗುತ್ತೇನೋ ಇಲ್ಲವೋ ಗೊತ್ತಿಲ್ಲದ,
ಸದ್ಯಕ್ಕೆ ಟುವ್ವಿಯ ಚಿಕ್ಕಮ್ಮ