ನನ್ನ ಮಾತು ನಂಬಿದ ಹದಿನಾಲ್ಕು ಮನೆ

ಏಪ್ರಿಲ್ 30, 2014. ಬುಧವಾರ

ಏಳಕ್ಕೆ ಫ್ಲಾಯ್ಡ್‌ನ ಮಾತ್ರೆ. ಏಳೂವರೆಗೆ ಓಟ್ಸ್ ಗಂಜಿ. ಅರ್ಧ ತಾನು ತಿಂದ, ಅರ್ಧ ಅಂಗಿಗೆ ತಿನ್ನಿಸಿದ. ಜೋಕು ಅವನದೇ. ಕೈನಡುಕ ಇವತ್ತು ಪರವಾಗಿಲ್ಲ.

ಒಂಬತ್ತಕ್ಕೆ ಗಾಲಿಕುರ್ಚಿ ತಳ್ಳಿಕೊಂಡು ಹೊಸ ಡೆಕ್ ಮೇಲೆ. ಮನೆ ಹಿಂದೆ ನೆಲ ಇಳಿಜಾರು. ಹಿಂಬಾಗಿಲು ತೆರೆದರೆ ಒಂಬತ್ತಡಿ ಕೆಳಗೆ ಹುಲ್ಲು. ಎರಡು ವರ್ಷ ಆ ಬಾಗಿಲಿಗೆ ಚಿಲಕ ಹಾಕಿಯೇ ಇಟ್ಟಿದ್ದೆ. ಈಗ ಅಲ್ಲಿಂದ ಹೊರಕ್ಕೆ ಚಾಚಿದ ಮರದ ಅಟ್ಟಣೆ. ಫ್ಲಾಯ್ಡ್ ಬಿಸಿಲಿಗೆ ಮುಖ ಕೊಟ್ಟು ಕಣ್ಣು ಮುಚ್ಚಿದ. ಅಷ್ಟೇ ಸಾಕಾಯಿತು ನನಗೆ.

ಮಧ್ಯಾಹ್ನ, ಕಂಟ್ರಾಕ್ಟರುಗಳ ಬಗ್ಗೆ ಗಿರಾಕಿಗಳು ಬರೆಯುವ ವೆಬ್‌ಸೈಟಿನಲ್ಲಿ ರಿವ್ಯೂ ಬರೆದೆ. ವರ್ಷದ ಚಂದಾ ಕಟ್ಟಿ ಸೇರಿದ ಸೈಟು. ಚಂದಾ ಕಟ್ಟಿದವರಷ್ಟೇ ಬರೆಯುತ್ತಾರೆ, ಸುಳ್ಳು ಇರುವುದಿಲ್ಲ ಎಂದು ಸೇರಿದ್ದು. ಡೆಕ್ ಕಟ್ಟಿದ ಕಂಟ್ರಾಕ್ಟರ್ ಕರ್ಟ್ ವೆಂಡೆಲ್ ಸಿಕ್ಕಿದ್ದೂ ಅಲ್ಲೇ. ಐದಕ್ಕೆ ಐದು ಸ್ಟಾರ್ ಕೊಟ್ಟೆ. ಮೂವತ್ತೊಂದು ವರ್ಷ ಕೋರ್ಟಿನಲ್ಲಿ ಬೇರೆಯವರ ಮಾತು ಟೈಪ್ ಮಾಡಿದವಳು ನಾನು. ಸ್ವಂತ ಮಾತು ನಾಲ್ಕು ಜನಕ್ಕೆಂದು ಬರೆದದ್ದು ಇದೇ ಮೊದಲು. ‘ಕರ್ಟ್ ನಮಗೆ ಬರೀ ಡೆಕ್ ಕಟ್ಟಲಿಲ್ಲ, ನನ್ನ ಗಂಡನಿಗೆ ಆಕಾಶ ವಾಪಸು ಕೊಟ್ಟ.’ ಸ್ವಲ್ಪ ಜಾಸ್ತಿಯಾಯಿತೇನೋ. ಇರಲಿ.

ಮೇ 5. ಸೋಮವಾರ

ಅರವತ್ತನಾಲ್ಕು ಜನಕ್ಕೆ ನನ್ನ ರಿವ್ಯೂ ಉಪಯೋಗವಾಯಿತಂತೆ.

ಒಂದು ಸಂದೇಶವೂ ಬಂದಿದೆ. ಟ್ರಾಯ್ ಊರಿನ ‘ಜೆ.’ — ಸೈಟಿನವರು ಪೂರ್ತಿ ಹೆಸರು ತೋರಿಸುವುದಿಲ್ಲ. ನನ್ನ ಬರಹ ಓದಿ ಕಣ್ಣಲ್ಲಿ ನೀರು ಬಂತಂತೆ. ಮಗಳು ಹೈಸ್ಕೂಲು ಮುಗಿಸುತ್ತಾಳೆ, ಜೂನ್ ಏಳಕ್ಕೆ ಮನೆಯಲ್ಲೇ ಪಾರ್ಟಿ, ಅಷ್ಟರೊಳಗೆ ಡೆಕ್ ಆಗಬೇಕು, ಕರ್ಟ್‌ಗೆ ಕೊಡಬಹುದೇ ಎಂದು ಕೇಳಿದ್ದಾಳೆ. ಕಣ್ಣು ಮುಚ್ಚಿಕೊಂಡು ಕೊಡಿ ಎಂದು ಬರೆದೆ.

ಮೇ 11. ಭಾನುವಾರ

ಇನ್ನೂರ ಹನ್ನೊಂದು. ಆಕಾಶದ ಆ ಸಾಲನ್ನು ಸೈಟಿನವರು ಕರ್ಟ್‌ನ ಜಾಹೀರಾತಿನ ನೆತ್ತಿಯ ಮೇಲೆ ಹಾಕಿದ್ದಾರೆ, ಕೆಳಗೆ ನನ್ನ ಹೆಸರು. ನನ್ನನ್ನು ಕೇಳಲಿಲ್ಲ. ಫ್ಲಾಯ್ಡ್‌ಗೆ ತೋರಿಸಿದೆ. “ದೊಡ್ಡ ಲೇಖಕಿ ಆಗ್ಬಿಟ್ಟೆ. ನನ್ನ ಗಂಜಿ ಯಾರು ಮಾಡ್ತಾರೆ ಇನ್ಮೇಲೆ?” ಎಂದ. ಬೈದೆ. ಆಮೇಲೆ ಅಡುಗೆಮನೆಯಿಂದ ಎರಡು ಸಲ ಕದ್ದು ಹೋಗಿ ನೋಡಿದೆ.

ಮೇ 18. ಭಾನುವಾರ

ಬರೆಯಲು ಕೈ ಬರುತ್ತಿಲ್ಲ. ಆದದ್ದು ಆದ ಹಾಗೆ ಬರೆಯುತ್ತೇನೆ.

ಚರ್ಚಿನಿಂದ ಬಂದು ಕಾಫಿ ಹಿಡಿದು ಡೆಕ್‌ಗೆ ಹೋದೆ. ಫ್ಲಾಯ್ಡ್ ತಲೆ ವಾಲಿಸಿ ಏನೋ ಕೇಳಿಸಿಕೊಳ್ಳುತ್ತಿದ್ದ. ಹಿಂದಕ್ಕೆ ಹೋಗು ಎಂದ. ಹೋದೆ. ಮುಂದಕ್ಕೆ ಬಾ ಎಂದ. ಬಂದೆ. ಅವನು ಇಪ್ಪತ್ತೆಂಟು ವರ್ಷ ಕೌಂಟಿಯ ಸೇತುವೆ ಇಲಾಖೆಯಲ್ಲಿದ್ದವನು.

“ಆರ್ಲೀನ್, ಟಾರ್ಚ್ ತಗೊಂಡು ಕೆಳಗೆ ಹೋಗು. ಮನೆ ಗೋಡೆಗೆ ಒಂದು ಉದ್ದ ಹಲಗೆ ಇರುತ್ತೆ ನೋಡು. ಇಡೀ ಭಾರ ಅದ್ರ ಮೇಲೇನೇ. ಅದ್ರಲ್ಲಿ ಬೋಲ್ಟ್ ಎಷ್ಟಿವೆ, ಎಣಿಸು.”

ಕೆಳಗಿನಿಂದ ಕೂಗಿ ಹೇಳಿದೆ, ಬೋಲ್ಟು ಕಾಣುತ್ತಿಲ್ಲ ಎಂದು. ಹೆಬ್ಬೆರಳಿನ ಗಾತ್ರದ ತಲೆ ಇರುತ್ತದೆ, ಸರಿಯಾಗಿ ನೋಡು ಎಂದ. ಇಲ್ಲ. ಬರೀ ಮೊಳೆ. ಹೊಳೆಯುವ ಸಣ್ಣ ತಲೆಗಳು, ಉದ್ದಕ್ಕೂ. ಹಲಗೆಗೂ ಗೋಡೆಗೂ ನಡುವೆ ಒಂದು ಕಡೆ ಸಂದು. ಪೋಸ್ಟ್‌ಕಾರ್ಡ್ ತೂರಿಸಿದೆ, ಸಲೀಸಾಗಿ ಹೋಯಿತು.

ಮೇಲೆ ಅವನು ಕುರ್ಚಿಯ ಗಾಲಿಗೆ ಬ್ರೇಕು ಹಾಕಿದ ಸದ್ದು.

“ಮೆಲ್ಲಗೆ ಬಾ. ನನ್ನನ್ನ ಒಳಗೆ ಕರ್ಕೊಂಡು ಹೋಗು” ಎಂದ.

ಹಿಂಬಾಗಿಲಿಗೆ ಮತ್ತೆ ಚಿಲಕ.

ಮೇ 19. ಸೋಮವಾರ, ಮಧ್ಯಾಹ್ನ

ಸೈಟಿಗೆ ಫೋನ್. ಇಪ್ಪತ್ತಾರು ನಿಮಿಷ ಸಂಗೀತ. ಬ್ರೆಂಡನ್ ಎನ್ನುವವನು ಲೈನಿಗೆ ಬಂದ, ಜೇನಿನಂಥ ದನಿ. ರಿವ್ಯೂ ಬದಲಿಸಬೇಕು ಎಂದೆ. ಒಂದು ಕೆಲಸಕ್ಕೆ ಒಂದೇ ರಿವ್ಯೂ, ಆರು ತಿಂಗಳು ತಿದ್ದುವಂತಿಲ್ಲವಂತೆ. ಅಳಿಸಿ ಎಂದೆ. ಅದೂ ಆಗದಂತೆ. ಬೇಕಾದರೆ ದೂರು ದಾಖಲಿಸಿ, ಕಂಟ್ರಾಕ್ಟರಿಗೆ ಉತ್ತರ ಕೊಡಲು ಅವಕಾಶ ಕೊಡುತ್ತೇವೆ ಎಂದ. ಆ ಡೆಕ್ ಮೇಲೆ ಜನ ನಿಲ್ಲುತ್ತಾರಪ್ಪಾ ಎಂದೆ. “ನಿಮ್ಮ ಬೇಸರ ನಮ್ಗೆ ಅರ್ಥ ಆಗತ್ತೆ, ಮೇಡಂ.” ಬೇಸರ!

ದೂರು ಹಾಕಿದೆ.

ಮೇ 23. ಶುಕ್ರವಾರ

ಕರ್ಟ್ ತಾನೇ ಬಂದ. ದೂರಿನ ಪ್ರತಿ ಅವನಿಗೆ ಹೋಗಿದೆ. ಬೂಟು ಬಾಗಿಲಲ್ಲೇ ಬಿಟ್ಟು ಒಳಗೆ ಬಂದ, ಫ್ಲಾಯ್ಡ್‌ನ ಕೈ ಕುಲುಕಿದ. ಒಂದು ಫೋನ್ ಮಾಡಿದ್ದರೆ ಸಾಕಿತ್ತಲ್ಲ, ಹುಡುಗರು ಅವಸರದಲ್ಲಿ ತಪ್ಪು ಮಾಡಿದ್ದಾರೆ ಎಂದ. ಎರಡು ಗಂಟೆ ಕೆಲಸ. ದಪ್ಪ ಬೋಲ್ಟುಗಳು, ಇಪ್ಪತ್ತೆರಡು. ಎಣಿಸಿದೆ.

ಆಮೇಲೆ ಅಡುಗೆಮನೆಯ ಮೇಜಿನ ಮೇಲೆ ಒಂದು ಕಾಗದ ಇಟ್ಟ. ದೂರು ಬಗೆಹರಿದಿದೆ ಎಂದು ಸಹಿ ಬೇಕಂತೆ.

ಬೇರೆಯವರದ್ದಕ್ಕೂ ಮೊಳೆಯೇ ಹೊಡೆದಿದ್ದೀಯಾ ಎಂದು ಕೇಳಿದೆ.

“ಬೇರೆ ಯಾರೂ ದೂರು ಕೊಟ್ಟಿಲ್ಲ, ಮಿಸೆಸ್ ಹೋಲ್ಡ್‌ಮನ್.” ಪೆನ್ನು ನನ್ನ ಕಡೆ ಸರಿಸಿದ. “ನಿಮ್ಗೊಂದು ಥ್ಯಾಂಕ್ಸ್ ಹೇಳ್ಬೇಕಿತ್ತು. ನಿಮ್ಮ ಆ ಆಕಾಶದ ಮಾತಿಂದ ಹದಿನಾಲ್ಕು ಕೆಲ್ಸ ಸಿಕ್ತು ನಂಗೆ. ಹದಿನಾಲ್ಕು.”

ನಗುತ್ತಲೇ ಹೇಳಿದ.

ಸಹಿ ಹಾಕಿದೆ. ಕೇಳಿಸಿಕೊಂಡ ಮೇಲೂ ಹಾಕಿದೆ. ರಜೆಯ ವಾರಾಂತ್ಯ, ಫ್ಲಾಯ್ಡ್‌ಗೆ ಬಿಸಿಲು ಬೇಕು, ಬೋಲ್ಟು ಹಾಕಿಯಾಯಿತು, ಉಳಿದದ್ದು ಆಮೇಲೆ ನೋಡೋಣ — ಹೀಗೇನೋ ಅಂದುಕೊಂಡೆ. ಫ್ಲಾಯ್ಡ್ ನನ್ನನ್ನೇ ನೋಡುತ್ತಿದ್ದ. ಕರ್ಟ್ ಹೋದ ಮೇಲೆ ಕರೆದರೂ ಬಿಸಿಲಿಗೆ ಬರಲಿಲ್ಲ.

ಮೇ 28. ಬುಧವಾರ

ದೂರು ಸೈಟಿನಿಂದ ಮಾಯ. ಬಗೆಹರಿದದ್ದು ಯಾರಿಗೂ ಕಾಣುವುದಿಲ್ಲವಂತೆ. ಐದು ಸ್ಟಾರ್ ಹಾಗೇ ಇದೆ. ಮುನ್ನೂರ ನಲವತ್ತು.

ಜೆ.ಗೆ ಬರೆದೆ. ಸಂದೇಶ ವಾಪಸು ಬಂತು. ಒಂದೇ ತಿಂಗಳ ಚಂದಾ ಕಟ್ಟಿದ್ದಳಂತೆ, ಖಾತೆ ಮುಗಿದಿದೆ. ಬ್ರೆಂಡನ್ ಇಲ್ಲ, ಇವತ್ತು ಇನ್ನೊಬ್ಬಳು. ಸದಸ್ಯರ ವಿಳಾಸ ಕೊಡುವಂತಿಲ್ಲ. ನೀವೇ ಅವಳಿಗೆ ಫೋನ್ ಮಾಡಿ ಹೇಳಿ ಎಂದೆ. ಅಂಥ ವ್ಯವಸ್ಥೆ ಇಲ್ಲ. ನನಗಾದ ತೊಂದರೆಗೆ ಮುಂದಿನ ವರ್ಷದ ಸದಸ್ಯತ್ವ ಉಚಿತವಾಗಿ ಕೊಡುತ್ತಾರಂತೆ. ಫೋನ್ ಇಟ್ಟೆ.

ಜೂನ್ 3. ಮಂಗಳವಾರ

ಟ್ರಾಯ್ ಊರಿನ ಕಟ್ಟಡ ಕಚೇರಿಗೆ ಫೋನ್ ಮಾಡಿದೆ. ಅಲ್ಲಿಯವನು ಸಮಾಧಾನದಿಂದ ಕೇಳಿದ. ಆದರೆ ಕರ್ಟ್ ಒಂದಕ್ಕೂ ಪರವಾನಗಿ ತೆಗೆದಿಲ್ಲ, ದಾಖಲೆಯೇ ಇಲ್ಲ. ವಿಳಾಸ ತನ್ನಿ, ಅದೇ ದಿನ ಬರುತ್ತೇವೆ ಎಂದ. ಕರ್ಟ್ ನನ್ನ ಫೋನ್ ಎತ್ತುತ್ತಿಲ್ಲ. ಜೆ. ಎಂದರೆ ಜೇನ್? ಜೂಡಿ? ಫ್ಲಾಯ್ಡ್ ಕೇಳಿದ, ಪಾರ್ಟಿ ಯಾವತ್ತು ಎಂದು. ಶನಿವಾರ. ನಾನೂ ಬರುತ್ತೇನೆ ಎಂದ.

ಜೂನ್ 7. ಶನಿವಾರ, ಸಂಜೆ 6

ಈಗಷ್ಟೇ ಮನೆಗೆ ಬಂದೆವು. ಫ್ಲಾಯ್ಡ್‌ಗೆ ಮಾತ್ರೆ ಕೊಟ್ಟು ಬರೆಯಲು ಕೂತೆ.

ಹನ್ನೆರಡಕ್ಕೆ ಟ್ರಾಯ್‌ನಲ್ಲಿದ್ದೆವು. ಹೈಸ್ಕೂಲು ಮುಗಿದದ್ದಕ್ಕೆ ಇಡೀ ಊರಿಗೆ ಊರೇ ಪಾರ್ಟಿ. ಬೀದಿಗೆ ನಾಲ್ಕು ಟಪಾಲು ಡಬ್ಬಕ್ಕೆ ಬಲೂನು, ಅಂಗಳದಲ್ಲಿ ಮಕ್ಕಳ ಫೋಟೋ ಇರುವ ಫಲಕ. ಬಲೂನು ಕಂಡಲ್ಲೆಲ್ಲ ನಿಲ್ಲಿಸಿ ಮನೆಯ ಹಿಂದೆ ಇಣುಕಿದೆ. ಹೊಸ ಮರ ಇದೆಯಾ, ಇಲ್ಲ, ಮುಂದಕ್ಕೆ. ಒಂದು ಕಡೆ ನನ್ನನ್ನು ಯಾರದೋ ಅಜ್ಜಿ ಎಂದುಕೊಂಡು ತಟ್ಟೆ ಕೊಟ್ಟರು. ಹತ್ತೊಂಬತ್ತು ಮನೆ.

ಎರಡೂಕಾಲಿಗೆ ಫ್ಲಾಯ್ಡ್ ಕಾರಿನ ಕಿಟಕಿಯಿಂದ ಬೆರಳು ತೋರಿಸಿದ. ಇಳಿಜಾರಿನ ಮೇಲೊಂದು ಮನೆ. ನಮ್ಮದರ ಎರಡರಷ್ಟು ಡೆಕ್. ಅದರ ಮೇಲೆ ನಲವತ್ತು ಜನ ಇರಬೇಕು. ಕೇಕಿನ ಮೇಜು, ಮಂಜುಗಡ್ಡೆ ತುಂಬಿದ ತೊಟ್ಟಿ, ಹಾಡಿಗೆ ಕುಣಿಯುವ ಹುಡುಗಿಯರು. ಅವರು ಒಂದು ಸಲ ಹಾರಿದರೆ ಕೆಳಗಿನ ಕಂಬಗಳು ಒಂದು ಸಲ ಅಲುಗುತ್ತಿದ್ದವು.

ಹುಲ್ಲಿನ ಮೇಲೆ ಕುರ್ಚಿ ತಳ್ಳಿದೆ, ಎರಡು ಸಲ ಗಾಲಿ ಹೂತಿತು. ಫ್ಲಾಯ್ಡ್ ಡೆಕ್ಕಿನಡಿ ಕತ್ತೆತ್ತಿ ನೋಡಿದ. ಮೊಳೆ. ಹಲಗೆ ಗೋಡೆಯಿಂದ ಬೆರಳು ತೂರುವಷ್ಟು ಈಚೆ ಬಂದಿತ್ತು. ಅಲ್ಲಿ ನಿಂತಿದ್ದ ದಪ್ಪನೆಯ ಮನುಷ್ಯನನ್ನು — ಹುಡುಗಿಯ ಸೋದರಮಾವನಂತೆ — ಹತ್ತಿರ ಕರೆದ. ಬಗ್ಗಿಸಿ ಕಿವಿಯಲ್ಲೇ ಹೇಳಿದ.

“ಹಾಡು ನಿಲ್ಸು. ಎಲ್ರನ್ನೂ ಮನೆ ಒಳಗೆ ಕರಿ, ಒಬ್ಬೊಬ್ರೇ. ಯಾರೂ ಓಡ್ಬಾರ್ದು. ಯಾಕೆ ಅಂತ ಆಮೇಲೆ ಹೇಳು.”

ಆ ಮನುಷ್ಯ ಮೊದಲು ನಕ್ಕ. ಆಮೇಲೆ ತಾನೂ ತಲೆ ಎತ್ತಿ ನೋಡಿದ. ಕೈಲಿದ್ದ ಲೋಟ ಹುಲ್ಲಿನ ಮೇಲಿಟ್ಟು ಮೇಲೆ ಹೋದ.

ನಲವತ್ತು ಜನ ಒಬ್ಬೊಬ್ಬರಾಗಿ ಒಳಗೆ ಹೋಗಲು ಎಷ್ಟು ಹೊತ್ತು ಹಿಡಿಯುತ್ತದೆ ಎಂದು ನನಗೀಗ ಗೊತ್ತು. ಕೊನೆಯವಳು ಊರುಗೋಲಿನ ಮುದುಕಿ. ಕೇಕು ಬಿಟ್ಟು ಬರಲು ಒಪ್ಪಲಿಲ್ಲ. ಹಲಗೆ ಎರಡು ಸಲ ನರಳಿತು.

ಬೀಳಲಿಲ್ಲ. ಎಲ್ಲರೂ ಕಿಟಕಿಯಲ್ಲಿ ನಿಂತು ಅದನ್ನೇ ನೋಡಿದರು. ಏನೂ ಆಗಲಿಲ್ಲವಲ್ಲ ಎಂದು ಯಾರೋ ಗೊಣಗಿದರು. ಯಾರಿವರು ಎಂದು ಹುಡುಗಿಯ ತಾಯಿ ಬಂದಳು. ಜೊಲೀನ್ ಕ್ರೈಡರ್ ಅಂತೆ ಹೆಸರು. ನನ್ನ ಹೆಸರು ಹೇಳಿದೆ.

“ಅಯ್ಯೋ, ಆರ್ಲೀನ್! ಆಕಾಶದ ಆರ್ಲೀನ್!” ಎಂದು ತಬ್ಬಿಕೊಂಡಳು. ತಬ್ಬಿದ ಕೈ ಹಾಗೇ ನಿಂತಿತು.

“ನಿಮ್ಗಿದು ಯಾವತ್ತು ಗೊತ್ತಾಯ್ತು?”

ಮೇ ಹದಿನೆಂಟು ಎಂದೆ. ಕೋರ್ಟಿನಲ್ಲಿ ಕೂತ ಅಭ್ಯಾಸ, ದಿನಾಂಕ ಕೇಳಿದರೆ ದಿನಾಂಕ ಹೇಳುತ್ತೇನೆ. ಅವಳು ಮನಸ್ಸಿನಲ್ಲೇ ಎಣಿಸಿದ್ದು ಕಂಡಿತು. ಕೈ ತೆಗೆದು ಒಳಗೆ ಹೋದಳು. ಮತ್ತೆ ಬರಲಿಲ್ಲ.

ಜೂನ್ 9. ಸೋಮವಾರ

ಕಟ್ಟಡ ಕಚೇರಿಯವರು ಕ್ರೈಡರ್ ಮನೆಯ ಡೆಕ್‌ಗೆ ಬಳಸಬಾರದೆಂದು ಕೆಂಪು ಚೀಟಿ ಅಂಟಿಸಿ, ಅಲ್ಲಿಂದ ಕರ್ಟ್‌ನ ಮನೆಗೂ ಹೋಗಿದ್ದಾರೆ. ಉಳಿದ ಡೆಕ್ಕುಗಳು ನಾಲ್ಕು ಕೌಂಟಿಯಲ್ಲಿ ಚದುರಿವೆ. ಎಲ್ಲ ನೋಡಿ ಮುಗಿಸಲು ಎರಡು ವಾರ ಎನ್ನುತ್ತಾರೆ.

ಸಂಜೆ ಕರ್ಟ್ ಬಂದ. ಕ್ಷೌರ ಇಲ್ಲ, ಬೂಟು ಬಿಚ್ಚಲಿಲ್ಲ, ಒಳಗೂ ಬರಲಿಲ್ಲ. ಮಡಚಿದ ಹಾಳೆ ಕೊಟ್ಟ. ಹದಿಮೂರು ಹೆಸರು, ಫೋನ್ ನಂಬರು.

“ನಾನು ಮಾಡಿದ್ರೆ ಬೈದು ಫೋನ್ ಇಡ್ತಾರೆ. ನೀವೇ ಹೇಳಿ. ನಿಮ್ಮ ಮಾತು ನಂಬ್ತಾರೆ.”

ಬೈಯಬೇಕೆಂದು ಬಾಯಿ ತೆರೆದೆ. ಹಾಳೆ ಇಸಿದುಕೊಂಡೆ.

ಜೂನ್ 10. ಮಂಗಳವಾರ, ಸಂಜೆ 4.40

ಹನ್ನೆರಡು ಮನೆಗೆ ಫೋನ್ ಮಾಡಿ ಆಯಿತು. ಒಬ್ಬಳು ಅತ್ತಳು. ಇಬ್ಬರು ವಕೀಲರ ಹೆಸರೆತ್ತಿದರು. ಒಬ್ಬ ಮುದುಕ, ಮೊನ್ನೆಯಿಂದ ಬಾಗಿಲ ಹತ್ತಿರ ಏನೋ ಕಿರುಗುಟ್ಟುತ್ತಿದೆ, ಇಲಿ ಎಂದುಕೊಂಡಿದ್ದೆ ಎಂದ. ಎಲ್ಲರೂ ಡೆಕ್ಕಿನ ಬಾಗಿಲಿಗೆ ಚಿಲಕ ಹಾಕಿದ್ದಾರೆ.

ಹದಿಮೂರನೆಯದು ಎತ್ತುತ್ತಿಲ್ಲ. ಬೆಳಿಗ್ಗೆಯಿಂದ ಒಂಬತ್ತು ಸಲ. ಹೆಸರಿನ ಪಕ್ಕ ಕರ್ಟ್ ಬರೆದಿದ್ದಾನೆ — ಎರಡನೇ ಮಹಡಿ, ಹದಿನೆಂಟಡಿ. ಅವರ ಕೌಂಟಿಯವರು ಗುರುವಾರ ಹೋಗುತ್ತಾರಂತೆ. ಪೊಲೀಸರಿಗೂ ಹೇಳಿದ್ದೇನೆ, ಯಾರನ್ನಾದರೂ ಕಳಿಸುತ್ತೇವೆ ಎಂದರು.

ಹತ್ತನೆಯ ಸಲ. ಸ್ಪೀಕರಿಗೆ ಹಾಕಿ ಮೇಜಿನ ಮೇಲಿಟ್ಟು ಬರೆಯುತ್ತಿದ್ದೇನೆ. ಸುಮ್ಮನೆ ಕೂರಲಾಗುತ್ತಿಲ್ಲ. ಫ್ಲಾಯ್ಡ್ ಎದುರಿಗಿದ್ದಾನೆ.

ಎತ್ತಿದರು. ಚಿಕ್ಕ ಹುಡುಗಿ, ಏಳೆಂಟು ವರ್ಷ ಇರಬಹುದು. ಅಮ್ಮನನ್ನು ಕರಿ ಪುಟ್ಟಿ ಎಂದೆ.

“ಅಮ್ಮ ಹೊರಗಿದ್ದಾಳೆ. ಇವತ್ತು ಎಲ್ರೂ ಬಂದಿದ್ದಾರೆ. ತಾಳಿ, ಕರೀತೀನಿ.”

ಹೋಗಬೇಡ ಎನ್ನುವಷ್ಟರಲ್ಲಿ ಫೋನ್ ಎಲ್ಲೋ ಇಟ್ಟ ಸದ್ದು. ಓಡಿದ ಸದ್ದು. ಗಾಜಿನ ಬಾಗಿಲು ಸರಿದ ಸದ್ದು, ಅದರ ಹಿಂದೆ ತುಂಬ ಜನರ ನಗು. ಹೆಸರು ಹಿಡಿದು ಕೂಗುತ್ತಿದ್ದೇನೆ, ಯಾರಿಗೂ ಕೇಳುತ್ತಿಲ್ಲ. ಫ್ಲಾಯ್ಡ್ ಬಗ್ಗಿ ಫೋನಿಗೆ ಕಿವಿಯಿಟ್ಟಿದ್ದಾನೆ. ಕೈ ಎತ್ತಿ ನನ್ನನ್ನು ಸುಮ್ಮನಿರು ಎನ್ನುತ್ತಿದ್ದಾನೆ. ಅವನಿಗೆ ಏನೋ ಕೇಳಿಸಿದೆ. ಮರ ನರಳುವ ಆ ಸದ್ದು —